ಇಲ್ಲದ ಪ್ರಶ್ನೆಗೆ ಬಂದ ಉತ್ತರ

ಇದು ನಡೆದ ಸಂಗತಿ. ಸುಳ್ಳು ಹೇಳಿ ದಕ್ಕಿಸಿಕೊಳ್ಳುವಷ್ಟು ತ್ರಾಣ ಇದರಲ್ಲಿ ಬರುವ ಯಾರಿಗೂ ಇರಲಿಲ್ಲ. ಎಲ್ಲರೂ ದಣಿದಿದ್ದರು.

೧೯೬೪ರ ಮೇ ತಿಂಗಳು. ರವಿವಾರ, ಮಧ್ಯಾಹ್ನ ಮೂರು ಗಂಟೆ. ಶಿರಸಿಯ ಒಂದು ಹಳೆಯ ಮನೆಯ ಮಹಡಿಯಲ್ಲಿ ಶಿವಪುತ್ರಪ್ಪನವರು ಉತ್ತರಪತ್ರಿಕೆ ತಿದ್ದುತ್ತಿದ್ದರು. ಹನ್ನೆರಡನೆಯ ಉತ್ತರಕ್ಕೆ ಬಂದಾಗ ಕೆಂಪು ಪೆನ್ಸಿಲ್ ನಿಂತಿತು.

ಪ್ರಶ್ನೆ: ಲೋಕಸಭೆಗೆ ಸ್ಪರ್ಧಿಸಲು ಕನಿಷ್ಠ ಎಷ್ಟು ವಯಸ್ಸಾಗಿರಬೇಕು?

ಉತ್ತರ: ಉಪರಾಷ್ಟ್ರಪತಿ.

ತಪ್ಪು ಉತ್ತರ ಅವರಿಗೆ ಹೊಸದಲ್ಲ. ಕೋರ್ಟಿನಲ್ಲಿ ಮೂವತ್ತೆರಡು ವರ್ಷ ಸಾಕ್ಷಿಗಳ ಹೇಳಿಕೆ ಬರೆದು, ಶಿರಸ್ತೇದಾರರಾಗಿ ನಿವೃತ್ತರಾದವರು. ಈಗ ಐದು ಜನ ಪದವೀಧರರನ್ನು ಧಾರವಾಡದ ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಗೆ ತಯಾರು ಮಾಡುತ್ತಿದ್ದರು. ಪ್ರತಿ ರವಿವಾರ ಒಂದು ಅಭ್ಯಾಸ ಪರೀಕ್ಷೆ. ಐವತ್ತು ಪ್ರಶ್ನೆ, ನೂರು ಅಂಕ.

ಅವರನ್ನು ಬೆಚ್ಚಿಸಿದ್ದು ಉತ್ತರ ತಪ್ಪಾಗಿದ್ದಲ್ಲ. ಅದು ಸರಿ ಇತ್ತು. ಪ್ರಶ್ನೆಯೇ ಬೇರೆ ಇತ್ತು. ಶನಿವಾರ ಮಧ್ಯಾಹ್ನ ಅವರು ಬರೆದ ಕರಡಿನಲ್ಲಿ ಹನ್ನೆರಡನೆಯ ಪ್ರಶ್ನೆ, 'ರಾಜ್ಯಸಭೆಯ ಸಭಾಪತಿ ಯಾರು?' ಸಂಜೆ ಪೇಟೆಯ ವಕೀಲರೊಬ್ಬರ ಆಫೀಸಿನಲ್ಲಿ ಕೂತು ಟೈಪ್ ಮಾಡುವಾಗ ಅದು ತೀರಾ ಸುಲಭವೆನಿಸಿ, ಅಲ್ಲಿಯೇ ಬೇರೆ ಪ್ರಶ್ನೆ ಹಾಕಿದ್ದರು. ಹಳೆಯದನ್ನು ಯಾವ ವಿದ್ಯಾರ್ಥಿಯೂ ಕಂಡಿಲ್ಲ.

ಪತ್ರಿಕೆಯ ಮೇಲಿನ ಹೆಸರು ನೋಡಿದರು. ಅಂದಾನಪ್ಪ, ಬನವಾಸಿ.

ಏಪ್ರಿಲ್‌ನಲ್ಲಿ ಅವನಿಗೆ ನಲವತ್ತನಾಲ್ಕು, ನಲವತ್ತಾರು. ಆಮೇಲೆ ಅರವತ್ತೆರಡು, ಎಪ್ಪತ್ತು, ಎಪ್ಪತ್ತೆಂಟು. ಇವತ್ತಿನದನ್ನು ತಿದ್ದಿ ಮುಗಿಸಿದಾಗ ಎಂಬತ್ತನಾಲ್ಕು. ಅಂಕದ ಬೆನ್ನು ಹತ್ತಿ ಗುರುವಿನ ಆತಂಕವೂ ಏರಿತು.

"ಗಿರಿಜಾ," ಎಂದು ಹೆಂಡತಿಯನ್ನು ಕೂಗಿದರು. "ಮನ್ಯಾಗ ಕಳುವಾಗೇದ."

ಗಿರಿಜವ್ವ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಾ ಮೆಟ್ಟಿಲು ಹತ್ತಿ ಬಂದರು. "ಏನ್ ಹೋತು?"

"ಏನೂ ಹೋಗಿಲ್ಲ. ಅದ ಚಿಂತಿ ಆಗೇದ."

* * *

ಸೋಮವಾರ ಸಂಜೆ ಹವಾಲ್ದಾರ ಕಲ್ಲಯ್ಯ ಬಂದರು. ಕೋರ್ಟಿನ ಕಾಲದ ಗೆಳೆಯ. ಪೊಲೀಸ್ ನೌಕರಿ ಇನ್ನು ಎಂಟು ತಿಂಗಳು ಉಳಿದಿತ್ತು. ಪಾದಗಳು ಮಾತ್ರ ಆಗಲೇ ನಿವೃತ್ತಿ ತೆಗೆದುಕೊಂಡಿದ್ದವು. ಬೂಟು ಬಿಚ್ಚಿ, ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿದರು.

"ಹೇಳ್ರಿ ಶಿರಸ್ತೇದಾರ್ರ. ನಿದ್ದಿ ಮಾಡೂದಿಲ್ಲ. ಕಣ್ಣಿಗೆ ರಜಾ ಕೊಟ್ಟೀನಿ, ಕಿವಿ ಡ್ಯೂಟಿ ಮ್ಯಾಲ ಅದಾವ."

ಶಿವಪುತ್ರಪ್ಪ ಎಲ್ಲ ಹೇಳಿದರು. ಕೊನೆಗೆ ದನಿ ಇಳಿಯಿತು. "ಹುಡುಗಂದು ಇದು ಎರಡನೇ ವರ್ಷ. ಅವರಪ್ಪ ಬಸಲಿಂಗಪ್ಪಗ ನಾನ ಮಾತು ಕೊಟ್ಟೀನಿ. ನನ್ನ ಪರೀಕ್ಷಾದಾಗ ಅರವತ್ತು ಬಂದ್ರ ಧಾರವಾಡಕ್ಕ ಕಳಸ್ರಿ, ಇಲ್ಲಾಂದ್ರ ಕಾಳಿನ ಅಂಗಡ್ಯಾಗ ಕೂಡಸ್ರಿ ಅಂತ. ಬರೂ ಸೋಮವಾರ ಪತ್ರಾ ಹಾಕಬೇಕು. ಏನಂತ ಹಾಕ್ಲಿ?"

"ಪ್ರಶ್ನಿ ಪತ್ರಿಕಿ ಎಲ್ಲಿರ್ತದ?"

"ಟೈಪ್ ಮಾಡಿ ಅಲ್ಲೇ ಲಕೋಟಿಗೆ ಹಾಕಿ ಅರಗು ಒತ್ತತೀನಿ. ರವಿವಾರ ಎಲ್ಲಾರ ಎದುರಿಗೆ ಒಡೀತೀನಿ. ಮುದ್ರಿ ಹಂಗ ಇತ್ತು."

"ಲಕೋಟಿ ಬಿಡ್ರಿ. ಹೊಸಾ ಪ್ರಶ್ನಿ ಅವಗ ಗೊತ್ತಿಲ್ಲ. ಹಳೇದು ಗೊತ್ತದ. ಅಂದ್ರ ಟೈಪಿಗೆ ಹೋಗೂಕಿಂತ ಮದಲ, ಈ ಖೋಲ್ಯಾಗ ಸೋರೇದ. ಕರಡು ಎಲ್ಲಿ?"

"ಕೋಟಿನ ಕಿಸೆದಾಗ ಇಟಗೊಂಡು ಹೋಗ್ತೀನಿ. ಬಂದು ನಾನ ಬಚ್ಚಲ ಒಲ್ಯಾಗ ಹಾಕ್ತೀನಿ."

ಕಲ್ಲಯ್ಯ ಕಣ್ಣು ತೆರೆದರು. ಮೇಜಿನ ಮೇಲಿನ ಮಸಿಹೀರುವ ಕಾಗದವನ್ನು ಗಿರಿಜವ್ವನ ಕನ್ನಡಿಗೆ ಹಿಡಿದು ನೋಡಿದರು. ತಿರುಗುಮುರುಗಾದ ಅಕ್ಷರ ಕನ್ನಡಿಯಲ್ಲಿ ನೆಟ್ಟಗಾಗಬೇಕಿತ್ತು. ಹತ್ತು ವಾರದ ಮಸಿ ಒಂದರ ಮೇಲೊಂದು ಬಿದ್ದು ಇರುವೆ ಗೂಡಿನಂತಿತ್ತು.

"ಶನಿವಾರ ಈ ಖೋಲಿಗೆ ಬರವರು ಯಾರು?"

"ನಾ ಒಬ್ಬಾಕಿ ಕಸಾ ಹೊಡ್ಯಾಕ ಬರ್ತೀನಿ," ಎಂದರು ಗಿರಿಜವ್ವ. "ನನ್ನ ಮ್ಯಾಲ ಸಂಶೇ ಇದ್ರ ಬರಕೊಳ್ರಿ ಹವಾಲ್ದಾರ್ರ. ಜೇಲಿನ್ಯಾಗಾದ್ರೂ ಕೂತ ಉಣ್ತೀನಿ. ಆದ್ರ ಇವರು ಇಂಗ್ಲಿಷಿನ್ಯಾಗ ಗೀಚೂದು ನನಗ ತಿಳಿಯೂದಿಲ್ಲ."

ಕಲ್ಲಯ್ಯ ನೆಲ ನೋಡಿದರು. ಕೋಣೆಯ ನಡುವೆ ನಾಲ್ಕು ಬೆಳ್ಳಗಿನ ಗುರುತು.

"ಮೇಜು ಅಲ್ಲಿತ್ತೇನು?"

"ಸೆಕಿ ತಡ್ಯಾಕಾಗ್ಲಿಲ್ಲ. ನಾಕು ವಾರ ಆತು, ಕಿಟಕಿ ಗಾಳಿ ಬರ್ತದಂತ ಆ ಮೂಲಿಗೆ ಸರಿಸೀನಿ."

ಆ ಮೂಲೆಯಲ್ಲಿ ಕಿಟಕಿಯ ಪಕ್ಕಕ್ಕೆ ಹಲಗೆ ಗೋಡೆ. ಮನೆ ಎರಡು ಪಾಲಾದಾಗ ಮಹಡಿಯನ್ನೂ ಹಲಗೆ ಬಡಿದು ಎರಡು ಮಾಡಿದ್ದರು. ಆಚೆ ಗಾದಿ ಹೊಲಿಯುವ ಬಿಸ್ಮಿಲ್ಲಾ ಬಿ. ಕಲ್ಲಯ್ಯ ಹಲಗೆಗಳ ಮೇಲೆ ಕೈಯಾಡಿಸಿದರು. ಇಣುಕಲು ಎಲ್ಲೂ ಸಂದಿಯಿಲ್ಲ. ಸೂಜಿ ತೂರಿಸುವಷ್ಟೂ ಇಲ್ಲ.

ನಿಟ್ಟುಸಿರು ಬಿಟ್ಟರು. "ಇಷ್ಟೂ ಒಂದು ಹಾಳ್ಯಾಗ ಬರದ ಕೊಡ್ರಿ. ಮನೀಗೆ ಹೋಗಿ ವಿಚಾರ ಮಾಡ್ತೀನಿ."

ಶಿವಪುತ್ರಪ್ಪ ಮೇಜಿಗೆ ಕೂತು ಪೆನ್ನು ಹಿಡಿದರು. "ನಾನು... ಶಿವಪುತ್ರಪ್ಪ... ವಯಸ್ಸು ಐವತ್ತೊಂಬತ್ತು... ಈ ಮೂಲಕ... ತಿಳಿಸುವುದೇನೆಂದರೆ..."

ಕುರ್ಚಿಯಲ್ಲಿ ಮತ್ತೆ ಕಣ್ಣು ಮುಚ್ಚಿದ್ದ ಕಲ್ಲಯ್ಯ ಒಂದೇ ಕಣ್ಣು ತೆರೆದರು. ಮುಚ್ಚಿದರು.

* * *

ಅಂದಾನಪ್ಪನನ್ನು ಕಲ್ಲಯ್ಯ ಬಸ್ ಸ್ಟ್ಯಾಂಡ್ ಹತ್ತಿರದ ಅವನ ಬಾಡಿಗೆ ಕೋಣೆಯಲ್ಲಿ ಕಂಡರು. ಸುತ್ತ ಪುಸ್ತಕ. ಕಣ್ಣು ಕೆಂಪಗೆ. ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದ '೬೦'.

"ಉಪರಾಷ್ಟ್ರಪತಿ ಅಂತ ಯಾಕ ಬರದಿ?"

"ದಣಿದಿದ್ನ್ರಿ. ಬಾಯಿಪಾಠ ಮಾಡಿದ್ದು ಸಾಲಾಗಿ ಬರಕೋತ ಹೋದ್ನಿ. ಪ್ರಶ್ನಿ ನೋಡಲೇ ಇಲ್ಲ."

"ಸಾಲು ಕೊಟ್ಟವರು ಯಾರು?"

ಹುಡುಗ ತುಟಿ ಕಚ್ಚಿದ. "ನನ್ನ ಹೆಸರು ಬರಕೊಳ್ರಿ. ಬ್ಯಾರೆ ಯಾರದೂ ಕೇಳಬ್ಯಾಡ್ರಿ."

"ಹಂಗಾರ ಬ್ಯಾರೆ ಒಬ್ಬಂವ ಇದ್ದಾನ," ಎಂದರು ಕಲ್ಲಯ್ಯ. "ಚಲೋ ವಕೀಲ ಆಗ್ತೀಯಪ್ಪಾ. ಬಾಯಿ ಬಿಡದ ಎಲ್ಲಾ ಹೇಳಿಬಿಟ್ಟಿ."

ಮರುದಿನ ಶಿವಪುತ್ರಪ್ಪನವರ ಅಂಕದ ವಹಿ ತರಿಸಿ ನೋಡಿದರು. ಐದು ಹೆಸರು. ಮೂರು ಜನರ ಅಂಕ ಎಲ್ಲರ ಅಂಕದಂತೆಯೇ ಏರುತ್ತ ಇಳಿಯುತ್ತ ಇತ್ತು. ನಾಲ್ಕನೆಯದು ಅಂದಾನಪ್ಪನದು. ಐದನೆಯವನು ಯಲ್ಲಾಪುರದ ಹಯಾತ್. ಮನೆಯವರದು ಲಾರಿ ಸಾಗಾಣಿಕೆ. ಶನಿವಾರದ ಬಸ್ಸಿಗೆ ಬಂದು ರವಿವಾರ ಸಂಜೆ ಹೋಗುವವನು. ಕ್ಲಾಸಿಗೇ ಜಾಣ.

ಅವನ ಸಾಲಿನ ಕೊನೆಯ ನಾಲ್ಕು ವಾರದ ಮೇಲೆ ಕಲ್ಲಯ್ಯ ಹೆಬ್ಬೆರಳ ಉಗುರು ಇಟ್ಟರು. ಎಪ್ಪತ್ತು. ಎಪ್ಪತ್ತು. ಎಪ್ಪತ್ತು. ಎಪ್ಪತ್ತು.

"ಇಂವ ಶನಿವಾರ ಎಲ್ಲಿ ಮಲಗ್ತಾನ?"

"ಅವರ ಚಿಕ್ಕಮ್ಮನ ಮನ್ಯಾಗ. ಇಲ್ಲೇ, ಬಾಜೂಕ. ಬಿಸ್ಮಿಲ್ಲಾ ಬಿ ಅಂತ," ಎಂದರು ಶಿವಪುತ್ರಪ್ಪ. "ಆದ್ರ ಅವನ ಅಂಕ ಏರಿಲ್ಲಲ್ಲಾ?"

"ಅದಕ್ಕ ಕೇಳಿದ್ನಿ."

* * *

ಶನಿವಾರ. ಊಟದ ಹೊತ್ತು ಕಳೆದಿತ್ತು. ಕಲ್ಲಯ್ಯ ಗೆಳೆಯನಿಗೆ, "ಎಂದಿನಂಗ ಪ್ರಶ್ನಿ ಬರೀರಿ. ಬಾಗಲಾ ಹಾಕ್ಕೊಳ್ರಿ," ಎಂದು ಹೇಳಿ ಪಕ್ಕದ ಮನೆಗೆ ಹೋದರು.

ಬಿಸ್ಮಿಲ್ಲಾ ಬಿ ಮಹಡಿಯಲ್ಲಿ ಹತ್ತಿಯ ರಾಶಿಯ ನಡುವೆ ಕೂತಿದ್ದರು. ಕೈಯಲ್ಲಿ ದಬ್ಬಣ. ಕಣ್ಣ ಕೆಳಗೆ ಕಪ್ಪು.

"ಬರ್ರಿ ಹವಾಲ್ದಾರ್ ಸಾಬ್. ಫಿರ್ಯಾದಿ ಕೊಡಬೇಕಂತಿದ್ದೆ. ಶನಿವಾರ ಮಧ್ಯಾಹ್ನ ಒಂದ್ ತಾಸು ಅಡ್ಡ ಆಗ್ತೆ ಅಂದ್ರೆ ಈ ಬಾಜೂ ಮನೇಲಿ ಇಂಗ್ಲಿಷ್ ಜಗಳಾ! ಯಾರ ಸಂಗ್ತಿ ಜಗಳಾ ಅಂತಾನೂ ತಿಳಿಯೂದಿಲ್ಲ. ಒಬ್ಬರ್ದೇ ದನಿ."

ಕೆಳಗೆ ಬಾಗಿಲು ಸದ್ದಾಯಿತು. ಹಯಾತ್ ಮೆಟ್ಟಿಲು ಹತ್ತಿ ಬಂದ. ಕೈಯಲ್ಲಿ ನೋಟ್‌ಬುಕ್ಕು, ಕಿವಿಯ ಸಂದಿಯಲ್ಲಿ ಪೆನ್ಸಿಲ್. ಹವಾಲ್ದಾರರನ್ನು ಕಂಡು ನಿಂತ.

"ಕೂಡಪ್ಪಾ," ಎಂದರು ಕಲ್ಲಯ್ಯ. "ಇನ್ನೇನು ಶುರು ಆಗ್ತದ."

* * *

ರವಿವಾರ ಹತ್ತು ಗಂಟೆ. ಮಹಡಿಯಲ್ಲಿ ನಾಲ್ಕೇ ಜನ ವಿದ್ಯಾರ್ಥಿಗಳು. ಹಯಾತ್ ಇನ್ನೂ ಬಂದಿರಲಿಲ್ಲ. ಮೇಜಿನ ಮೇಲೆ ಅರಗಿನ ಮುದ್ರೆಯ ಲಕೋಟೆ. ಶಿವಪುತ್ರಪ್ಪ ಒಡೆಯಲು ಕೈಯಿಟ್ಟರು.

"ತಡೀರಿ," ಎಂದರು ಕಲ್ಲಯ್ಯ. ಹಲಗೆ ಗೋಡೆಯನ್ನು ಎರಡು ಸಲ ಬಡಿದರು.

ಗೋಡೆ ಗಂಟಲು ಸರಿಮಾಡಿಕೊಂಡಿತು.

"ಪ್ರಶ್ನೆ... ಒಂದು," ಎಂದಿತು ಆಚೆಯಿಂದ ಶಿವಪುತ್ರಪ್ಪನವರದೇ ದನಿ. ಪ್ರಶ್ನೆ ಇಂಗ್ಲಿಷಿನಲ್ಲಿ, ಗೊಣಗಾಟ ಕನ್ನಡದಲ್ಲಿ; ಅದೇ ಎಳೆತ, ಅದೇ ಒಣಕೆಮ್ಮು. "ಭಾರತದ ಸಂವಿಧಾನ... ಜಾರಿಗೆ ಬಂದ... ದಿನಾಂಕ... ಯಾವುದು... ಛೇ, ಈ ಪೆನ್ನಿಗೇನ್ ಬಂತು ಧಾಡಿ... ಪ್ರಶ್ನೆ ಎರಡು... ಗಿರಿಜಾ, ಚಾ ಆತೇನ?... ಜಾಮೀನು... ಎಂದರೇನು..."

ಕೆಳಗಿನಿಂದ ಗಿರಿಜವ್ವ ಕೂಗಿದರು, "ಈಗ ಕುಡದ್ರೆಲ್ಲಾ! ಮತ್ತೇನ ಚಾ?"

ಶಿವಪುತ್ರಪ್ಪ ತಮ್ಮ ಬಾಯಿ ಮುಟ್ಟಿ ನೋಡಿಕೊಂಡರು. ಮುಚ್ಚಿತ್ತು. ಲಕೋಟೆ ಒಡೆದರು. ಮೊದಲ ಪ್ರಶ್ನೆ ಸಂವಿಧಾನ. ಎರಡನೆಯದು ಜಾಮೀನು. ಕುರ್ಚಿಯಲ್ಲಿ ಕುಸಿದರು.

ಗೋಡೆಯಾಚೆ ಗುರುವಿನ ದನಿ ಅಣಕಿಸಿ ಓದಿದ ಹಯಾತ್, ನಿನ್ನೆಯ ನೋಟ್‌ಬುಕ್ಕು ಹಿಡಿದು ಬಾಗಿಲಲ್ಲಿ ಬಂದು ನಿಂತ. ತಲೆ ಕೆಳಗೆ.

"ಕೋರ್ಟಿನ್ಯಾಗ ಏನು ಪದ್ಧತಿ, ಶಿರಸ್ತೇದಾರ್ರ?" ಎಂದರು ಕಲ್ಲಯ್ಯ. "ಸಾಕ್ಷಿ ಹೇಳಿದ್ದನ್ನ ಬರಿಯೂವಾಗ ಗಟ್ಟಿಯಾಗಿ ಅಂದಕೋತ ಬರೀಬೇಕು. ಏನು ಬರಕೊಂಡ್ರಂತ ಸಾಕ್ಷಿಗೂ ಕೇಳಬೇಕು, ಸಾಹೇಬ್ರಿಗೂ ಕೇಳಬೇಕು. ಮೂವತ್ತೆರಡು ವರ್ಷ ಹಂಗ ಬರದ್ರಿ. ಈಗ ನಿಮ್ಮ ಕೈ ಓಡಬೇಕಂದ್ರ ಬಾಯಿ ಓಡಬೇಕು. ಸೋಮವಾರ ನಿಮ್ಮ ಕಡೆ ಬರಸಿಕೊಂಡಾಗ ನನಗ ತಿಳೀತು. ನಿಮಗ ಇನ್ನೂ ತಿಳಿದಿದ್ದಿಲ್ಲ."

"ಟೈಪ್ ಮಾಡೂವಾಗ?"

"ಅಲ್ಲಿ ಬಾಜೂಕ ಹಲಗಿ ಗ್ವಾಡಿ ಇಲ್ಲಲ್ರಿ. ಹನ್ನೆರಡನೇ ಪ್ರಶ್ನಿ ಅಲ್ಲಿ ಬದಲಿ ಆತು. ಅದು ಈ ಗ್ವಾಡಿಗೆ ಗೊತ್ತಾಗಲಿಲ್ಲ, ಗ್ವಾಡಿ ಆಚೆ ಇದ್ದಂವಗೂ ಗೊತ್ತಾಗಲಿಲ್ಲ. ನಾಕು ವಾರದ ಹಿಂದ ಮೇಜು ಸರಿಸಿದ್ರಿ. ನಾಕು ವಾರದಿಂದ ಅಂದಾನಪ್ಪನ ಅಂಕ ಏರ್ಯಾವ. ಹಯಾತನವು ನಿಂತ ಗಡಿಯಾರ ಆಗ್ಯಾವ. ಎಲ್ಲಾ ಗೊತ್ತಿದ್ದಂವ ಬೇಕಂತ ಹದಿನೈದು ತಪ್ಪು ಮಾಡಿ, ಪ್ರತಿ ಸಲ ಎಪ್ಪತ್ತಕ್ಕ ನಿಂತಾನ. ಕಳ್ಳ ತನಗಂತ ಏನೂ ಇಟಗೊಂಡಿಲ್ಲ. ಅದಕ್ಕ ನಿಮ್ಮ ಕಣ್ಣಿಗೆ ಬೀಳಲಿಲ್ಲ."

"ಯಾಕೋ ಹಯಾತ್?" ಶಿವಪುತ್ರಪ್ಪನವರ ದನಿ ಸೋತಿತ್ತು.

"ಸರ, ಅಂದಾನಿ ದಿನಕ್ಕ ಹನ್ನೆರಡು ತಾಸು ಓದ್ತಾನ. ನಾ ನಾಕು ತಾಸು. ಆದ್ರೂ ಅಂವ ಅಂಗಡಿಗೆ, ನಾ ಧಾರವಾಡಕ್ಕ ಅಂದ್ರ..." ಅವನು ನಿಲ್ಲಿಸಿದ. "ಬರೂ ಪ್ರಶ್ನಿ ನಾ ಸುಮ್ಮನ ಊಹಾ ಮಾಡಿ ಕೊಡ್ತೀನಿ ಅಂತ ಅವಗ ಹೇಳಿದ್ದೆ. ನಂಬಿದ್ದ."

"ಮದಲನೇ ವಾರ ನಂಬಿದ್ನ್ರಿ," ಎಂದ ಅಂದಾನಪ್ಪ ಎದ್ದು ನಿಂತು. "ಆಮ್ಯಾಲ ನಂಬಿಲ್ಲ. ಸುಮ್ಮನಿದ್ನಿ. ತಪ್ಪು ನಂದು."

ಸೆಕೆಗೆ ಅರಗು ಬೆರಳಿಗೆ ಅಂಟುತ್ತಿತ್ತು.

"ಇಬ್ಬರನೂ ಹೊರಗ ಹಾಕಬೇಕು," ಎಂದರು ಶಿವಪುತ್ರಪ್ಪ.

"ಹಾಕ್ರಿ. ಆದ್ರ ಪ್ರಶ್ನಿ ಹೊರಗ ಬಿಟ್ಟವರನ್ನ ಮದಲ ಹಾಕಬೇಕಾಗ್ತದ," ಎಂದರು ಕಲ್ಲಯ್ಯ, ಬೂಟಿನ ಲಾಡಿ ಸಡಿಲಿಸುತ್ತಾ. "ಗಿರಿಜವ್ವಾರ, ಎಲಿ ಅಡಿಕಿ ತಟ್ಟಿ ತರ್ರಿ."

* * *

ಹೊಸ ಪರೀಕ್ಷೆ ಅಲ್ಲಿಯೇ, ಆಗಲೇ ನಡೆಯಿತು. ಶಿವಪುತ್ರಪ್ಪ ಎರಡೂ ದವಡೆಗೆ ಎಲೆಯಡಿಕೆ ತುಂಬಿಕೊಂಡು ಕರಿಹಲಗೆಯ ಮೇಲೆ ಐವತ್ತು ಪ್ರಶ್ನೆ ಬರೆದರು. ಗಂಟಲು ಗುಳುಗುಳು ಎಂದಿತು. ಮಾತು ಹೊರಬರಲಿಲ್ಲ. ಹಯಾತ್ ಒಂದು ಮೂಲೆ, ಅಂದಾನಪ್ಪ ಇನ್ನೊಂದು ಮೂಲೆ. ನಡುವೆ ಕಲ್ಲಯ್ಯ, ಕಣ್ಣು ಮುಚ್ಚಿಕೊಂಡು.

ನಾಲ್ಕು ಗಂಟೆಗೆ ತಿದ್ದಿ ಮುಗಿಯಿತು. ಹಯಾತ್‌ಗೆ ಎಂಬತ್ತೆರಡು.

ಅಂದಾನಪ್ಪನಿಗೆ ಐವತ್ತೆಂಟು.

ಒಂದೇ ಒಂದು ಉತ್ತರ ಕಡಿಮೆ. ಅಂದಾನಪ್ಪ ಪೆನ್ನಿನ ಟೊಪ್ಪಿಗೆ ಹಾಕಿದ. ಪುಸ್ತಕ ಜೋಡಿಸತೊಡಗಿದ. ಅಳುವುದಕ್ಕೂ ಅವನಲ್ಲಿ ಶಕ್ತಿ ಉಳಿದಿರಲಿಲ್ಲ.

"ಎಲ್ಲಾರೂ ಕೆಳಗ ಹೋಗ್ರಿ," ಎಂದರು ಶಿವಪುತ್ರಪ್ಪ. "ಬಸಲಿಂಗಪ್ಪಗ ಪತ್ರಾ ಬರೀಬೇಕು. ಖಾಸಗಿ."

ಬಾಗಿಲು ಹಾಕಿಕೊಂಡರು. ಕೆಳಗೆ ಹೋದವರು ಬೀದಿಯಲ್ಲಿ ಒಂದು ಕ್ಷಣ ನಿಂತರು. ಕಲ್ಲಯ್ಯ ಹಯಾತ್‌ನ ಮುಖ ನೋಡಿದರು. ಹಯಾತ್ ಚಿಕ್ಕಮ್ಮನ ಬಾಗಿಲು ನೋಡಿದ. ಎರಡು ನಿಮಿಷದಲ್ಲಿ ಎಲ್ಲರೂ, ಗಿರಿಜವ್ವನೂ ಸೇರಿ, ಬಿಸ್ಮಿಲ್ಲಾ ಬಿಯ ಹತ್ತಿ ರಾಶಿಯ ಮೇಲೆ ಕೂತಿದ್ದರು.

ಗೋಡೆ ಮಾತಾಡಿತು.

"ಶ್ರೀಮಾನ್... ಬಸಲಿಂಗಪ್ಪನವರಿಗೆ... ನಿಮ್ಮ ಮಗನ ಅಂಕ... ಐವತ್ತೆಂಟು."

ಅಂದಾನಪ್ಪ ಮಂಡಿಯ ಮೇಲೆ ಮುಖವಿಟ್ಟ.

"ಏಪ್ರಿಲ್‌ನಲ್ಲಿ ನಲವತ್ತನಾಲ್ಕು ಇದ್ದವನು... ಯಾರ ಸಹಾಯವೂ ಇಲ್ಲದೆ... ನನ್ನ ಕಣ್ಣೆದುರಿಗೆ... ಇಷ್ಟು ಬರೆದ." ಕೆಮ್ಮು. "ಅರವತ್ತು ಎಂಬ ಗೆರೆ... ಕಾಲೇಜಿನದಲ್ಲ. ಅಲ್ಲಿ ಐವತ್ತು ಸಾಕು. ಅರವತ್ತು... ನನ್ನ ಪ್ರತಿಷ್ಠೆಗೆ... ನಾನು ಎಳೆದದ್ದು. ಅದನ್ನು... ನಾನೇ... ಅಳಿಸಿದ್ದೇನೆ. ಹುಡುಗನನ್ನು ಪರೀಕ್ಷೆಗೆ... ಕಳಿಸಿರಿ. ಪೂರ್ಣವಿರಾಮ."

ಆಚೆ ಪೆನ್ನು ನಿಂತಿತು. ಈಚೆ ಹಯಾತ್ ಗಂಟಲು ಸರಿಮಾಡಿಕೊಂಡ. ಕಲ್ಲಯ್ಯ ಅವನ ಬಾಯಿ ಮುಚ್ಚುವಷ್ಟರಲ್ಲಿ ಶಿರಸ್ತೇದಾರರ ದನಿ ಹೊರಟೇಹೋಗಿತ್ತು.

"ಇಂತಿ... ನಿಮ್ಮ ವಿಶ್ವಾಸಿ... ಗಿರಿಜಾ, ಚಾ ಆತೇನ?"

ಗಿರಿಜವ್ವ ಸೆರಗು ಬಾಯಿಗೆ ತುರುಕಿಕೊಂಡರು. ತಡೆಯಲಾಗಲಿಲ್ಲ. ಬಿಸ್ಮಿಲ್ಲಾ ಬಿ ದಬ್ಬಣ ಕೆಳಗಿಟ್ಟು ನಕ್ಕರು. ಅಂದಾನಪ್ಪ ತಿಂಗಳ ಮೇಲೆ ಮೊದಲ ಸಲ ಹಲ್ಲು ತೋರಿಸಿದ.

ಎಲ್ಲರ ನಗುವನ್ನೂ ಮುಳುಗಿಸುವ ನಗು ಹಲಗೆಯ ಆಚೆಯಿಂದ ಬಂತು. ಕೆಮ್ಮಿ, ಮೇಜು ಗುದ್ದಿ, ಮತ್ತೆ ನಕ್ಕ ನಗು. ಗೋಡೆಯ ಧೂಳು ಹತ್ತಿಯ ಮೇಲೆ ಉದುರಿತು.