ಅಣ್ಣನ ಬಾಡಿಗೆದಾರರು

ನಡುಗೋಡೆಯ ಬಿರುಕಿನಿಂದ ಹಾವಿನ ಪೊರೆಯೊಂದು ತನ್ನ ಅಡುಗೆಮನೆಯತ್ತ ಜೋತುಬಿದ್ದದ್ದನ್ನು ಕಂಡ ದಿನ ಪಾಲಾಕ್ಷಪ್ಪ ಅನ್ನ ಮುಟ್ಟಲಿಲ್ಲ. ಕೊಟ್ಟೂರಿನ ಅಂಚಿನ ಆ ಹಳೆಯ ಮನೆಯ ಇತ್ತಲ ಭಾಗಕ್ಕೆ ಅವನು ಸಿಮೆಂಟು ಹಾಕಿಸಿ, ದಿನವೂ ಫಿನಾಯಿಲಿನಲ್ಲಿ ತೊಳೆಸುತ್ತಿದ್ದ. ಅತ್ತಲ ಭಾಗದಲ್ಲಿ ಹೆಂಡತಿ ಸತ್ತ, ಮಕ್ಕಳಿಲ್ಲದ ಅಣ್ಣ ನಾಗೇಂದ್ರಪ್ಪ ಮೆಕ್ಕೆಜೋಳ, ಮೇವಿನ ಸೊಪ್ಪೆ, ಒಲೆಗೆ ಸಗಣಿಯ ಕುಳ್ಳು ಒಟ್ಟಿಕೊಂಡಿದ್ದ. ಅದಕ್ಕೆ ಇಲಿ, ಇಲಿಗೆ ಹಾವು. ಹೊಡೆಸು ಅಂದರೆ ಓಣಿಯವರೆದುರು ನಗುತ್ತಿದ್ದ.

"ಅವು ನನ್ನ ಬಾಡಿಗಿ ಮಂದಿ. ಇಲಿ ತಿಂದು ಬಾಡಿಗಿ ತೀರಸ್ತಾವ. ನಮ್ಮ ಬಿಎಸ್ಸಿ ಸಾಹೇಬ್ರಿಗಿ ಹೊಟ್ಟಿ ತೊಳಸ್ತೈತಿ, ನೋಡ್ರಿ."

ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಆದರೆ ಅಣ್ಣ ತನ್ನ ಪಾಲಿನ ಮನೆಯನ್ನು ಸತ್ತ ಹೆಂಡತಿಯ ತಮ್ಮನಿಗೆ ಬರೆದುಕೊಡಲು ನಿಶ್ಚಯಿಸಿದ್ದ. ಶ್ರಾವಣಕ್ಕೆ ನೋಂದಣಿ. ಅದರೊಳಗೆ ಅಣ್ಣ ಸತ್ತರೆ ಮನೆ ಪಾಲಾಕ್ಷಪ್ಪನದು.

ಪಾಲಾಕ್ಷಪ್ಪನದು ಗೊಬ್ಬರ, ಕೀಟನಾಶಕದ ಅಂಗಡಿ. ವಿಷ ಹಾಕಿದರೆ ಊರು ಅವನ ಮುಖ ನೋಡುತ್ತದೆ. ಹಾವು ಕಚ್ಚಿದರೆ ಎಲ್ಲರೂ ಅಣ್ಣನ ಹಿತ್ತಲು ನೋಡುತ್ತಾರೆ.

ಹೊಲದ ಬದುವಿನಲ್ಲಿ ಕೊಳಕುಮಂಡಲವೊಂದು ಇಲಿ ನುಂಗಿದಂತೆ ಉಬ್ಬಿ ಬಿದ್ದಿತ್ತು. ಒಣಸಗಣಿಯ ಬಣ್ಣ, ಬೆನ್ನಿನುದ್ದಕ್ಕೂ ಸರಪಳಿಯಂಥ ಮಚ್ಚೆ. ಉದ್ದನೆಯ ಇಕ್ಕಳದಲ್ಲಿ ಹಿಡಿದು ಹೊಸ ಮಣ್ಣಿನ ಗಡಿಗೆಗೆ ಇಳಿಸಿದ. ತಳಕ್ಕೆ ಹುಲ್ಲು, ಬಾಯಿಗೆ ಬಟ್ಟೆ. ಒಳಗೆ ಔಷಧಿಯಿದೆ, ಮುಟ್ಟಬೇಡ ಎಂದು ಹೆಂಡತಿ ಶಾಂತಕುಮಾರಿಗೆ ಹೇಳಿ ಅಟ್ಟದಲ್ಲಿಟ್ಟ. ಮಳೆಗೆ ಕಾಯಬೇಕಿತ್ತು, ಮಳೆಗೆ ಹಾವು ಒಳಗೆ ಬರುವುದು ಸಹಜ. ಗಡಿಗೆಯ ಗತಿಯನ್ನೂ ಅವನು ಯೋಚಿಸಿಟ್ಟಿದ್ದ. ಸುಡುವ ಪದ್ಧತಿಯ ಮನೆತನ; ಮಕ್ಕಳಿಲ್ಲದ ಅಣ್ಣನ ಹೆಣದ ಮುಂದೆ ಬೆಂಕಿಯ ಗಡಿಗೆ ಹಿಡಿಯುವವನು ತಮ್ಮನೇ. ಸುಡುಗಾಡಿನಲ್ಲಿ ಎಲ್ಲರೆದುರೇ ಒಡೆದುಹಾಕಿದರಾಯಿತು.

ಮಳೆ ಬಂದ ಸಂಜೆ ಅಣ್ಣ ಚಹಾದಂಗಡಿಯಲ್ಲಿದ್ದ. ಅವನ ಬಚ್ಚಲೊಲೆಯ ಪಕ್ಕದ ಕುಳ್ಳಿನ ಬುಟ್ಟಿಗೆ ಗಡಿಗೆ ಬಾಗಿಸಿ ಬಟ್ಟೆ ಸರಿಸಿದ ಕೂಡಲೇ ಕೊಳೆತ ನಾತ ಮುಖಕ್ಕೆ ಬಡಿಯಿತು. ಪಾಲಾಕ್ಷಪ್ಪ ಕಣ್ಣು ಮುಚ್ಚಿ ಮುಖ ತಿರುವಿದ. ಭಾರವಾದದ್ದೊಂದು ಜಾರಿ ಬಿತ್ತು. ಒಳಗೆ ನೋಡುವುದಕ್ಕೂ ಹೇಸಿ, ಹಾಗೆಯೇ ಬಾಯಿ ಕಟ್ಟಿ ಅಟ್ಟ ಸೇರಿಸಿದ.

ಮುಂದೆ ಎಲ್ಲವೂ ಎಣಿಸಿದಂತೆಯೇ ನಡೆಯಿತು. ಬೆಳಿಗ್ಗೆ ನೀರು ಕಾಯಿಸಲು ಅಣ್ಣ ಬುಟ್ಟಿಗೆ ಕೈ ಹಾಕಿದ. ಕೈ ಕುಂಬಳಕಾಯಿಯಂತೆ ಊದಿ, ವಸಡಿನಿಂದ ರಕ್ತ ಒಸರಿ, ಬಳ್ಳಾರಿ ಆಸ್ಪತ್ರೆಯ ದಾರಿಯಲ್ಲೇ ಪ್ರಾಣ ಹೋಯಿತು. ಓಣಿಯವರು ಹಾವನ್ನು ಜಜ್ಜಿ ಅಂಗಳಕ್ಕೆಸೆದರು. ವಿಚಾರಣೆಗೆ ಬಂದ ಪೇದೆ ಅದನ್ನೂ ಕುಳ್ಳಿನ ರಾಶಿಯನ್ನೂ ನೋಡಿ ತಲೆಯಾಡಿಸಿದ.

"ಎಷ್ಟ್ ಹೇಳಿದ್ವಿ ನಾಗೇಂದ್ರಂಗ," ಅಂದ ಓಣಿಯ ಹಿರಿಯ ಓಬಳೇಶಪ್ಪ. "ಬಾಡಿಗಿ ಮಂದೀನೇ ಮಾಲಕನ ಕೈಲೆ ಮನಿ ಖಾಲಿ ಮಾಡಿಸಿದ್ರು ನೋಡಪ್ಪ."

ಪಾಲಾಕ್ಷಪ್ಪ ಎಷ್ಟು ಬೇಕೋ ಅಷ್ಟೇ ಅತ್ತ.

ಹೆಣ ಎತ್ತುವ ಹೊತ್ತಿಗೆ ಹೊಸ ಗಡಿಗೆ ಕೇಳಿದರು. ತಾನೇ ಅಟ್ಟ ಹತ್ತಿ ಇಳಿಸಿಕೊಟ್ಟ. ಓಬಳೇಶಪ್ಪ ಬಟ್ಟೆ ಬಿಚ್ಚಿ, ಕೆಂಡ ತುಂಬುವ ಮುನ್ನ ಗಡಿಗೆ ಬೋರಲು ಹಾಕಿ ಕೊಡವಿದ. ಲೋಳೆ ಹಿಡಿದ ಹುಲ್ಲಿನ ಜೊತೆ ಗೇಣುದ್ದದ ಮರಿಗಳು ಗೋಜಲಾಗಿ ಬಿದ್ದವು. ಕೆಲವು ಸತ್ತು ಕೊಳೆತಿದ್ದವು, ಉಳಿದವು ಬುಸುಗುಡುತ್ತ ಬಿಚ್ಚಿಕೊಂಡವು. ಪ್ರತಿಯೊಂದರ ಬೆನ್ನಿನ ಮೇಲೂ ಅದೇ ಸರಪಳಿ. ಪೇದೆ ಮರಿಗಳನ್ನು ನೋಡಿದ, ಜಜ್ಜಿದ ಹಾವನ್ನು ನೋಡಿದ. "ಔಷಧಿ ಐತಿ ಅಂದಿದ್ರಲ್ರೀ," ಅಂದಳು ಶಾಂತಕುಮಾರಿ ಮೆಲ್ಲಗೆ. ರಸಾಯನಶಾಸ್ತ್ರದಲ್ಲಿ ಪದವಿ ಪಡೆದ ಪಾಲಾಕ್ಷಪ್ಪನಿಗೆ ವಿಷದ ಬಗ್ಗೆ ಗೊತ್ತಿಲ್ಲದ್ದಿರಲಿಲ್ಲ. ಗೊತ್ತಿಲ್ಲದ್ದು ಇಷ್ಟೇ: ಕೊಳಕುಮಂಡಲ ಮೊಟ್ಟೆ ಇಡುವುದಿಲ್ಲ, ಮರಿಗಳನ್ನೇ ಹೆರುತ್ತದೆ.