ಜಪ್ತಿ ಮನೆಯ ಹಳೇ ಬೀಗ

"ಬೇರೆ ಯಾವ ಬೀಗ ಬೇಕಾದ್ರೂ ಒಡೀತೀನಿ ಸಾರ್. ಇದೊಂದು ನನ್ನ ಕೈಲಾಗಲ್ಲ," ಎಂದು ಬೀಗ ರಿಪೇರಿಯವನು ಸುತ್ತಿಗೆಯನ್ನು ನೆಲಕ್ಕಿಟ್ಟ.

ಹೊಸದಾಗಿ ಬಂದಿದ್ದ ತೆರಿಗೆ ಅಧಿಕಾರಿಗೆ ಮೈಯೆಲ್ಲ ಉರಿದುಹೋಯಿತು. ಬಾಗಿಲ ಚಿಲಕದಲ್ಲಿ ನಗರಸಭೆಯ ಬೀಗಗಳು ಗೊಂಚಲಾಗಿ ನೇತಾಡುತ್ತಿದ್ದವು. ನಡುವೆ ಮನೆಯೊಡತಿ ಮುದುಕಿ ಹೊರಬೀಳುವಾಗ ಜಡಿದಿದ್ದ ಹಿತ್ತಾಳೆ ಬೀಗ. ತೆರಿಗೆ ಕಟ್ಟಲಿಲ್ಲವೆಂದು ಅವಳನ್ನು ಹೊರಹಾಕಿ ಮನೆ ಜಪ್ತಿ ಮಾಡಿ ವರ್ಷಗಳಾಗಿದ್ದವು, ಮುದುಕಿ ಬೀದಿಯಲ್ಲೇ ಸತ್ತಿದ್ದಳು. ಹಿಂದಿನ ಅಧಿಕಾರಿಗಳು ಮಾಡಿದ್ದೇನು? ಅವಳ ಬೀಗ ಮುಟ್ಟದೆ ಪಕ್ಕದಲ್ಲಿ ತಮ್ಮದೊಂದು ಜಡಿದು, ಅರಗಿನ ಮುದ್ರೆ ಒತ್ತಿ, ಸ್ವಾಧೀನಕ್ಕೆ ಪಡೆದಾಯಿತು ಎಂದು ಬರೆದು ಕೈತೊಳೆದುಕೊಂಡಿದ್ದರು. ಹರಾಜು ಕೂಗಿದಾಗಲೆಲ್ಲ ಕೊಳ್ಳುವವರು ಬಾಗಿಲವರೆಗೆ ಬಂದು, ಒಳಗೆ ತೋರಿಸಿ ಅನ್ನುತ್ತಿದ್ದರು. ತೋರಿಸುವ ಗಂಡಸು ಆ ಕಚೇರಿಯಲ್ಲಿ ಇರಲಿಲ್ಲ. ಉಗುಳಲೂ ಆಗದ, ನುಂಗಲೂ ಆಗದ ಬಿಸಿತುಪ್ಪವಾಗಿತ್ತು ಆ ಹಾಳು ಮನೆ.

ಈಗ ಗ್ರಹಚಾರ ಇವನ ತಲೆಗೆ ಸುತ್ತಿಕೊಂಡಿತ್ತು. ಈ ಸಲದ ಹರಾಜಿಗೆ ಬಾಗಿಲು ತೆರೆಯದಿದ್ದರೆ ದೂರದೂರಿಗೆ ವರ್ಗಾವಣೆ ಎಂದು ಆಯುಕ್ತರು ಮುಖಕ್ಕೆ ಹೊಡೆದಂತೆ ಹೇಳಿದ್ದರು. ಊರೂರು ಅಲೆದು ಸಾಕಾಗಿ, ಹೆಂಡತಿ ಮಗಳ ಜೊತೆ ಒಂದೇ ಸೂರಿನಡಿ ಸೇರಿದ್ದೇ ಈಚೆಗೆ. ಅಪರೂಪಕ್ಕೆ ಬಂದುಹೋಗುತ್ತಿದ್ದ ಇವನನ್ನು ಕಂಡು ಬಾಗಿಲ ಹಿಂದೆ ಅಡಗುತ್ತಿದ್ದ ಮಗು ಈಗ ಓಡಿಬಂದು ಕಾಲು ತಬ್ಬುತ್ತಿತ್ತು. ಮತ್ತೆ ಗಂಟುಮೂಟೆ ಕಟ್ಟುವುದೇ? ಪ್ರಾಣ ಹೋದರೂ ಇಲ್ಲ.

"ಯಾಕಾಗಲ್ಲ? ಬೀಗ ಕಚ್ಚುತ್ತಾ?"

"ಮುದುಕಿ ಮಾಟ ಮಾಡಿಸಿ ಹೊಸ್ತಿಲ ಕೆಳಗೆ ಹೂತಿದಾಳೆ ಸಾರ್. ಬಿಟ್ಬಿಡಿ. ನೀವೂ ಹೆಂಡ್ತಿ ಮಕ್ಕಳಿರೋರು."

"ಇರೋದಕ್ಕೇ ಒಡೀತಿರೋದು. ತೆರಿಗೆ ಕಟ್ಟೋಕೆ ಕಾಸಿಲ್ಲ, ಮಾಟಕ್ಕೆ ಮಾತ್ರ ಇತ್ತಾ ಅವಳ ಹತ್ರ?"

ನಗುತ್ತ ನಗರಸಭೆಯ ಬೀಗಗಳನ್ನು ಕೀಲಿ ಹಾಕಿ ಬಿಚ್ಚಿದ. ಸುತ್ತಿಗೆ ಎತ್ತಿ ಹಿತ್ತಾಳೆ ಬೀಗಕ್ಕೆ ಬಡಿದ. ಅದು ಬಿಡಲೊಲ್ಲದು. ಆಯುಕ್ತರ ಮೇಲಿನ ಸಿಟ್ಟು, ಹಿಂದಿನವರ ಮೇಲಿನ ಸಿಟ್ಟು ಎಲ್ಲವನ್ನೂ ಸೇರಿಸಿ ಇನ್ನೊಂದೇಟು ಕೊಟ್ಟ. ಬೀಗ ಕಳಚಿ ಬಿತ್ತು.

ಬಾಗಿಲು ತಾನಾಗಿಯೇ ಒಳಕ್ಕೆ ಸರಿಯಿತು. ಹೊರಗೆ ಇನ್ನೂ ಬಿಸಿಲಿದ್ದರೂ ಒಳಗಿನ ಕತ್ತಲೆ ಮಿಸುಕಲಿಲ್ಲ. ಸುಟ್ಟ ಕೂದಲಿನ ಕಮಟು, ಹಸಿಮಣ್ಣಿನ ವಾಸನೆ, ಹಳೇ ಎಣ್ಣೆಯ ಜಿಡ್ಡು ಒಟ್ಟಾಗಿ ಮೂಗಿಗೆ ಅಡರಿದವು. ಕಾಲಿಟ್ಟೊಡನೆ ಗೆದ್ದಲು ತಿಂದ ಹೊಸ್ತಿಲು ಕುಸಿಯಿತು. ಅದರ ಸಂದಿನಲ್ಲಿ ಕರಿದಾರ ಸುತ್ತಿದ ಮಣ್ಣಿನ ಗೊಂಬೆಯೊಂದು ಮಲಗಿತ್ತು. ಅದಕ್ಕೆ ಮುಖವೇ ಇರಲಿಲ್ಲ. ನುಣ್ಣಗಿನ ಬೋಳು ಮಣ್ಣು.

"ಇಷ್ಟಕ್ಕೇನಾ ಊರೆಲ್ಲ ನಡುಗಿದ್ದು?" ಎನ್ನುತ್ತ ಅದನ್ನೆತ್ತಿಕೊಂಡ.

ಮಣ್ಣು ಬೆಚ್ಚಗಿತ್ತು. ಎಲ್ಲೋ ಒಳಗೆ ಮುದಿ ಉಸಿರೊಂದು ಗೊರಗೊರ ಎಂದಿತು. ಬೆರಳಡಿಯಲ್ಲಿ ಮಣ್ಣು ಮಿಸುಕಿತು. ಮೂಗು ಎದ್ದಿತು. ತುಟಿ ಸೀಳಿತು. ಎಡಗೆನ್ನೆಯ ಮೇಲೆ ಮಚ್ಚೆ. ಅವನದೇ ಮಚ್ಚೆ. ಗೊಂಬೆ ಅವನ ಕಣ್ಣುಗಳಿಂದ ಅವನನ್ನೇ ನೋಡಿತು.

ಎಸೆದ. ಓಡಿದ. ಹೊರಗೆ ಬೀಗದವನ ಸುಳಿವಿರಲಿಲ್ಲ. ತಿರುಗಿ ನೋಡಲಿಲ್ಲ. ಕಚೇರಿ, ಹರಾಜು, ಆಯುಕ್ತರು, ಎಲ್ಲ ಹಾಳಾಗಿಹೋಗಲಿ. ಮನೆ ಸೇರಿದರೆ ಸಾಕು. ಮಗಳನ್ನು ಎತ್ತಿಕೊಂಡರೆ ಸಾಕು.

ಬಾಗಿಲು ಬಡಿದ. ಹೆಂಡತಿ ಅರ್ಧ ತೆರೆದಳು.

"ಯಾರು ಬೇಕಿತ್ತು?"

"ನಾನು ಕಣೇ. ನೀರು ಕೊಡು ಮೊದ್ಲು."

ಅವಳ ಮುಖ ಬಿಗಿಯಿತು. "ಸ್ವಲ್ಪ ಮರ್ಯಾದೆ ಕೊಟ್ಟು ಮಾತಾಡಿ. ನಮ್ಮನೆಯವ್ರು ಆಫೀಸಿಂದ ಇನ್ನೂ ಬಂದಿಲ್ಲ. ಬಂದ್ಮೇಲೆ ಬನ್ನಿ."

ಒಳಗಿನಿಂದ ಚಿಲಕ ಬಿತ್ತು. ಬಡಿದ, ಕೂಗಿದ, ತವರಿನಲ್ಲಿ ಅವಳನ್ನು ಕರೆಯುವ ಹೆಸರು ಹಿಡಿದು ಬೇಡಿಕೊಂಡ. ಅವಳು ಪಕ್ಕದ ಮನೆಯವರನ್ನು ಕರೆಯುವ ಸದ್ದು ಕೇಳಿಸಿತು. ಕಿಟಕಿಯತ್ತ ಓಡಿದ. ತೆರೆದಿದ್ದ ಕದದ ಗಾಜಿನಲ್ಲಿ ಯಾರೋ ಅಪರಿಚಿತ ಬಾಯಿ ತೆರೆದು ನಿಂತಿದ್ದ. ಇವನು ಬಾಯಿ ಮುಚ್ಚಿದ, ಅಪರಿಚಿತನೂ ಮುಚ್ಚಿದ.

ಪರದೆ ಸರಿಯಿತು. ಸರಳುಗಳ ಹಿಂದೆ ಮಗಳು ಕುರ್ಚಿ ಹತ್ತಿ ನಿಂತಿದ್ದಳು. ಅವನು ಸರಳಿನೊಳಗೆ ಕೈ ಚಾಚಿದ. ಮಗು ಹಿಂದೆ ಸರಿದು, ಅವನ ಭುಜದಾಚೆಗೆ ಬೀದಿಯ ಕಡೆ ಕತ್ತು ಉದ್ದ ಮಾಡಿತು.

"ಮಾಮಾ, ಸ್ವಲ್ಪ ಪಕ್ಕಕ್ಕೆ ನಿಲ್ಲಿ. ನಮ್ಮಪ್ಪ ಬರೋದು ಕಾಣಲ್ಲ."