ಒಂದೇ ಗುಟುಕು ಕುಡಿದಿಟ್ಟ ಲೋಟ

ಅವನು ಒಂದೇ ಒಂದು ಗುಟುಕು ಕುಡಿದ. ಲೋಟ ಕೆಳಗಿಟ್ಟುಬಿಟ್ಟ!

ನೇತ್ರಾವತಿ ಅಪ್ಪ ತೋಟಪ್ಪನ ಕಡೆ ನೋಡಿದಳು. ಅವರು ಆ ಲೋಟವನ್ನೇ ನೋಡುತ್ತಿದ್ದರು. ಬಾಗಿಲ ಮರೆಯಲ್ಲಿ ನಿಂತಿದ್ದ ಸೋದರತ್ತೆ ಜಗದಾಂಬ ಸೆರಗನ್ನು ಬಾಯಿಗೆ ಹಿಡಿದರು.

ಪಾಳ್ಯದ ಕಡೆಯ ಅವರ ನೆಂಟರಿಷ್ಟರ ಮನೆಗಳಲ್ಲಿ ಹೆಣ್ಣು ನೋಡಲು ಬಂದವರು 'ಬೇಡ' ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಹುಡುಗ ಕಾಫಿ ಪೂರ್ತಿ ಕುಡಿದರೆ ಒಪ್ಪಿಗೆ. ಉಳಿಸಿದರೆ ಇಲ್ಲ ಎಂದರ್ಥ. ಜೊತೆಯಲ್ಲಿ ಬಂದವರು ಎಷ್ಟು ಲೋಟ ಕುಡಿದರೂ ಅದು ಲೆಕ್ಕಕ್ಕಿಲ್ಲ.

ಅದೂ ಎಂಥ ಕಾಫಿ! ಹಿತ್ತಲಿನ ಗಿಡಗಳ ಬೀಜವನ್ನು ನೇತ್ರಾವತಿಯೇ ಹುರಿದು, ಅವಳೇ ಪುಡಿ ಮಾಡಿ, ಅವಳೇ ಸೋಸಿದ್ದು.

ಹುಡುಗ ದಯಾನಂದ ದೋಣಿಗಲ್ ಕಡೆಯ ತೋಟದ ಮನೆಯವನು. ಹಾಸನದ ಒಂದು ಕಾಫಿ ಬೀಜ ಹದ ಮಾಡುವ ಕ್ಯೂರಿಂಗ್ ಕಾರ್ಖಾನೆಯಲ್ಲಿ ಕೆಲಸವಂತೆ. ಅಷ್ಟೇ ಅವಳಿಗೆ ಗೊತ್ತಿದ್ದುದು. ಬಂದವನು ನೇರವಾಗಿ ಕಣ್ಣಿಟ್ಟು ನೋಡಿದ್ದ, ಅವಳೂ ಕಣ್ಣು ತಗ್ಗಿಸಿರಲಿಲ್ಲ.

"ಆಲೂರಲ್ಲಿ ಇಂಗ್ಲಿಷ್ ಕ್ಲಾಸ್ ನಡೆಸ್ತೀರಂತೆ... ಮದುವೆ ಆದ್ಮೇಲೂ ನಡೆಸ್ತೀರಾ?"

"ನಡೆಸ್ತೀನಿ. ಅದನ್ನ ಮಾತ್ರ ಬಿಡಲ್ಲ."

ಆಗ ಅವನು ನಕ್ಕಿದ್ದ. ಆ ನಗು ಅವಳಿಗೆ ಇಷ್ಟವಾಗಿತ್ತು, ಸುಳ್ಳು ಯಾಕೆ ಹೇಳಬೇಕು? ಆಮೇಲೆ ಆ ಗುಟುಕು... ಆ ಲೋಟ...

'ಅಂದ್ರೆ ನನ್ನ ಮಾತಿಗೆ ಉತ್ತರ ಅದು! ಕ್ಲಾಸ್ ಬಿಡಲ್ಲ ಅಂದಿದ್ದಕ್ಕೆ!'

"ನಿಮ್ಮ ಕಡೆಯಿಂದ ಹೇಳಿ ಕಳಿಸಿ" ಎಂದು ಹುಡುಗನ ತಾಯಿ ಹೊರಡುವಾಗ ಹೇಳಿದರು. ಅದು ಬರೀ ಮರ್ಯಾದೆಯ ಮಾತು ಎಂದುಕೊಂಡು ತೋಟಪ್ಪ ಕೈಮುಗಿದರು.

ಜೀಪು ತಿರುವು ದಾಟಿದ್ದೇ ಜಗದಾಂಬ ಶುರು ಹಚ್ಚಿಕೊಂಡರು. "ಎಂಥಾ ಸಂಬಂಧ ಕೈ ತಪ್ಪೋಗ್ಬುಡ್ತು! ಬಾಯಿ ಸುಮ್ನಿದ್ರೆ ಆಗ್ತಿರ್ಲಿಲ್ವೇನೇ? ಆ ಇಂಗ್ಲಿಷ್ ಪಾಠದಿಂದ ನಿಂಗೇನು ಸಿಕ್ಕೈತೆ? ತೋಟಪ್ಪ, ಮೊದ್ಲು ಆ ಕ್ಲಾಸ್ ಮುಚ್ಸು!"

ತೋಟಪ್ಪ ಮಗಳ ಮುಖ ನೋಡಿದರು.

"ಅಪ್ಪಾ, ಒಂದು ಲೋಟ ಕಾಫಿಗೋಸ್ಕರ ನಾನು ಕ್ಲಾಸ್ ಮುಚ್ಚಲ್ಲ" ಎಂದಳು ನೇತ್ರಾ. ದನಿ ನಡುಗಲಿಲ್ಲ. ಒಳಗೆ ಹೋಗಿ ಆ ಉಳಿದ ಕಾಫಿಯನ್ನು ಹಿತ್ತಲಿಗೆ ಚೆಲ್ಲುವಾಗ ಮಾತ್ರ ಕಣ್ಣು ತುಂಬಿಬಂತು.

ವಾರ ಕಳೆಯಿತು. ಆಲೂರು ಬಸ್ ಸ್ಟ್ಯಾಂಡ್ ಎದುರಿನ ಟೈಪಿಂಗ್ ಇನ್‌ಸ್ಟಿಟ್ಯೂಟ್‌ನ ಮೇಲಿನ ಕೋಣೆಯಲ್ಲಿ ಎಂದಿನಂತೆ ಕ್ಲಾಸ್ ನಡೆದಿತ್ತು. ಡಿಗ್ರಿ ಮುಗಿಸಿ ಅವಳೇ ಕಟ್ಟಿದ ಕ್ಲಾಸ್ ಅದು. ಅಲ್ಲಿ ಕಲಿತವರು ಬ್ಯಾಂಕ್ ಪರೀಕ್ಷೆ ಪಾಸಾಗಿದ್ದರು. ಬೀದಿಯಲ್ಲಿ ಜನ 'ಮೇಡಂ' ಎನ್ನುತ್ತಿದ್ದರು. ಆ ಹೆಮ್ಮೆ ಅವಳದು, ಯಾರೂ ದಾನ ಕೊಟ್ಟದ್ದಲ್ಲ.

"ಕನ್ನಡದಲ್ಲಿ ಅಭ್ಯಾಸ ಅಂದ್ರೆ ಎಷ್ಟೋ ಕಡೆ ನಡೆದುಹೋಗುತ್ತೆ. ಇಂಗ್ಲಿಷ್‌ನಲ್ಲಿ ಒಂದೊಂದಕ್ಕೆ ಒಂದೊಂದು ಪದ" ಎನ್ನುತ್ತ ನೇತ್ರಾ ಬೋರ್ಡಿನ ಮೇಲೆ ಪದಗಳನ್ನು ಬರೆಯತೊಡಗಿದಳು. "ಗೊತ್ತಿಲ್ದೆ ನಮಗೆ ಅಂಟ್ಕೊಂಡಿರೋದು ಹ್ಯಾಬಿಟ್. ಚೆನ್ನಾಗಿ ಬರಲಿ ಅಂತ ಬೇಕಂತಲೇ ಮಾಡೋದು ಪ್ರಾಕ್ಟೀಸ್. ದಿನಾ ಇದೇ ಹೊತ್ತಿಗೆ ಇದೇ ಕೆಲಸ ಅಂದ್ರೆ ರೊಟೀನ್."

ಮುಂದಿನ ಬೆಂಚಿನ ಜೇಬಾ ಕೈ ಎತ್ತಿದಳು. ಲಾರಿ ಮುಖ್ತಾರ್ ಸಾಬರ ಮಗಳು, ಬಾಯಿ ಜೋರು. "ಮೇಡಂ, ನಮ್ಮ ಅಬ್ಬಾ ಬೀಡಿ ಸೇದೋದು?"

"ಬಿಡೋಕೆ ಆಗುತ್ತಾ?"

"ಅಯ್ಯೋ, ಎಲ್ಲಿ ಬಿಡ್ತಾರೆ!"

"ಹಾಗಾದ್ರೆ ಅಡಿಕ್ಷನ್."

ಎಲ್ಲರೂ ನಕ್ಕರು. "ಕಸ್ಟಮ್ ಅಂದ್ರೆ ಮೇಡಂ?" ಎಂದಳು ಜೇಬಾ.

ನೇತ್ರಾ ಸೀಮೆಸುಣ್ಣ ಕೆಳಗಿಟ್ಟಳು.

"ಒಬ್ಬರದಲ್ಲ, ಊರಿನೋರೆಲ್ಲ ನಡೆಸ್ಕೊಂಡು ಬಂದಿರೋದು. ಈಗ ನಮ್ಮ ಕಡೆ ನೋಡಿ... ಹೆಣ್ಣು ನೋಡೋಕೆ ಬಂದ ಹುಡುಗ ಕಾಫಿ ಪೂರ್ತಿ ಕುಡಿದ್ರೆ ಒಪ್ಪಿಗೆ. ಉಳಿಸಿದ್ರೆ ಹುಡುಗಿ ಬೇಡ ಅಂತ. ಅದು ಕಸ್ಟಮ್."

"ಏನಂದ್ರಿ?!"

ಬಾಗಿಲಲ್ಲಿ ದಯಾನಂದ ನಿಂತಿದ್ದ! ಮೆಟ್ಟಿಲು ಹತ್ತಿ ಬಂದ ಏದುಸಿರು ಇನ್ನೂ ಇಳಿದಿರಲಿಲ್ಲ.

"ಕ್ಲಾಸ್ ನಡೀತಿದೆ. ಮುಗಿಯೋವರೆಗೂ ಹೊರಗೆ ನಿಂತಿರಿ" ಎಂದಳು ನೇತ್ರಾ, ಮುಖ ಬಿಗಿದುಕೊಂಡು.

ಅವನು ನಿಂತ. ಪಾಠ ಮುಗಿದು, ಎಲ್ಲರೂ ಅವನನ್ನು ಮೇಲಿಂದ ಕೆಳಗೆ ನೋಡಿಕೊಂಡು ಮೆಟ್ಟಿಲಿಳಿಯುವವರೆಗೂ ನಿಂತಿದ್ದ.

"ನಿಮ್ಮ ಕಡೆಯಿಂದ ಉತ್ತರ ಬರುತ್ತೆ ಅಂತ ವಾರದಿಂದ ಕಾಯ್ತಿದ್ದೀನಿ ಕಣ್ರೀ! ತಡೀಲಾರ್ದೆ ಬಸ್ ಹತ್ತಿದೆ. ನಾನು... ನಾನು ಬೇಡ ಅಂದೇ ಇಲ್ಲ!"

"ಲೋಟ ಹೇಳ್ತಲ್ಲ!"

"ಲೋಟ... ನಮ್ಮ ಕಡೆ ಆ ಪದ್ಧತಿಯೇ ಇಲ್ಲ ಮಾರಾಯ್ತಿ, ನನ್ನ ಕೆಲಸವೇ ಅದು! ನಾನು ಕಾಫಿ ಟೇಸ್ಟರ್. ದಿನವಿಡೀ ಸಾಲಾಗಿಟ್ಟ ಬಟ್ಟಲುಗಳಿಂದ ಒಂದೊಂದೇ ಗುಟುಕು ತಗೊಂಡು ರುಚಿ ಹೇಳ್ಬೇಕು. ಪೂರ್ತಿ ಕುಡಿದ್ರೆ ನಾಲಿಗೆ ಸತ್ತೋಗುತ್ತೆ. ಮನೇಲೂ ಅಷ್ಟೇ, ನಂಗೆ ಗೊತ್ತಿಲ್ದೇನೇ ಒಂದು ಗುಟುಕಿಗೆ ಕೈ ಕೆಳಗೆ ಹೋಗ್ಬುಡುತ್ತೆ. ಅಮ್ಮಂಗೆ ಬೈದು ಬೈದು ಸಾಕಾಗೋಗಿದೆ."

ನೇತ್ರಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟು ದಿನ ಅವಮಾನ ಎಂದು ಅನುಭವಿಸಿದ್ದು ಇದನ್ನೇನಾ!

"ಮತ್ತೆ... ಕ್ಲಾಸ್ ಬಿಡಲ್ಲ ಅಂದಿದ್ದಕ್ಕೆ ನಕ್ಕಿದ್ದು?"

"ಅದಕ್ಕೇ ಅಲ್ವಾ ನಾನು ಒಪ್ಪಿದ್ದು! ಹಾಗೆ ಮುಖ ಎತ್ತಿ ಮಾತಾಡಿದ ಹುಡುಗೀನ ನಾನು ನೋಡೇ ಇರ್ಲಿಲ್ಲ."

ಅವಳ ಕೆನ್ನೆ ಬಿಸಿಯಾಯಿತು. ಆದರೂ ಬಿಟ್ಟುಕೊಡಲಿಲ್ಲ. "ನನ್ನ ಕಾಫಿ ಹೇಗಿತ್ತು?"

"ಒಳ್ಳೇ ಬೀಜ. ಹುರಿದದ್ದು... ಒಂಚೂರು ಜಾಸ್ತಿ ಆಗಿತ್ತು."

ಇಂಥ ಹೊತ್ತಿನಲ್ಲೂ ಸುಳ್ಳು ಹೇಳಲಿಲ್ಲವಲ್ಲ ಈ ಮನುಷ್ಯ! ನೇತ್ರಾಳ ಮನಸ್ಸು ಕರಗಿದ್ದು ಅಲ್ಲೇ. ಹಾಗಂತ ತೋರಿಸಿಕೊಂಡಳೆಂದು ತಿಳಿಯಬೇಡಿ.

"ನಮ್ಮಪ್ಪ ನೆಂಟರ ಮುಂದೆ ತಲೆ ತಗ್ಗಿಸಿದ್ದಾರೆ. ಅದಕ್ಕೆ ಇಲ್ಲಿ ಹೇಳಿದ ಮಾತು ಸಾಲ್ದು. ಇನ್ನೊಂದು ಸಲ ಬನ್ನಿ. ಆದ್ರೆ ಕಾಫಿ ನೀವು ಮಾಡ್ಬೇಕು. ಕುಡಿಯೋಳು ನಾನು."

ಭಾನುವಾರ ಬೆಳಿಗ್ಗೆ ಅವನು ತಂದೆ ತಾಯಿಯೊಂದಿಗೆ ಬಂದೇಬಿಟ್ಟ. ನೆಂಟರೆಲ್ಲ ಕೇಳುವಂತೆ ತಪ್ಪು ಒಪ್ಪಿಕೊಂಡು ನೇರ ಅಡುಗೆಮನೆಗೆ ನಡೆದ.

"ಗಂಡ್ಸು ಒಲೆ ಮುಂದೆ! ಇದ್ಯಾವ ಪದ್ಧತಿನಪ್ಪ!" ಜಗದಾಂಬ ತಲೆಗೆ ಕೈ ಹಚ್ಚಿದರು.

"ಮಾಡ್ಲಿ ಬಿಡಕ್ಕ. ನನ್ ಮಗಳೇ ಕರ್ಸಿರೋದು" ಎಂದರು ತೋಟಪ್ಪ. ಎಷ್ಟೋ ದಿನಗಳ ಮೇಲೆ ಮೀಸೆ ತಿರುವಿದರು.

ಹಜಾರದ ನಡುವೆ ಕುಳಿತ ನೇತ್ರಾಳ ಕೈಗೆ ದಯಾನಂದ ಲೋಟ ಕೊಟ್ಟ.

ಅವಳು ಒಂದು ಗುಟುಕು ಕುಡಿದಳು. ಲೋಟ ಕೆಳಗಿಟ್ಟಳು.

ದಯಾನಂದನ ಮುಖ ಬಿಳಿಚಿಕೊಂಡಿತು.

ಎಲ್ಲರನ್ನೂ ಒಂದು ಸುತ್ತು ನೋಡಿದ ನೇತ್ರಾ ಲೋಟವನ್ನು ಮತ್ತೆ ಎತ್ತಿದಳು. ಕೊನೆಯ ಹನಿಯವರೆಗೂ ನಿಧಾನವಾಗಿ ಕುಡಿದು, ಖಾಲಿ ಲೋಟವನ್ನು ಅಪ್ಪನ ಮುಂದೆ ಬೋರಲು ಹಾಕಿದಳು. ತೋಟಪ್ಪನ ಕಣ್ಣಲ್ಲಿ ನೀರು ಬಂತು. ಜಗದಾಂಬ ಓಡಿಹೋಗಿ ಸಕ್ಕರೆ ಡಬ್ಬ ತಂದರು.

ಆಮೇಲೆ, ಹಿತ್ತಲಿನ ಕಾಫಿ ಗಿಡಗಳ ಹತ್ತಿರ ಇಬ್ಬರೇ ನಿಂತಾಗ ಅವನು ಮೆಲ್ಲಗೆ ಕೇಳಿದ.

"ನನ್ ಜೀವ ಹೋಗ್ಬುಟ್ಟಿತ್ತು ಕಣ್ರೀ! ಮಧ್ಯೆ ಲೋಟ ಇಟ್ರಲ್ಲ, ಅದು ಯಾವ ಪದ ಮೇಡಂ? ಹ್ಯಾಬಿಟ್ಟಾ, ಕಸ್ಟಮ್ಮಾ?"

"ಎರಡೂ ಅಲ್ಲ. ಸೇಡು!"

ಅವನು ಗಹಗಹಿಸಿ ನಕ್ಕ. ಅವಳ ಕೈ ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ.

"ಇನ್ಮೇಲೆ ದಿನಾ ಬೆಳಿಗ್ಗೆ ನಿಮ್ಗೆ ನಾನೇ ಕಾಫಿ ಮಾಡ್ತೀನಿ. ಅದು ರೊಟೀನ್, ಸರೀನಾ?"

"ಮೊದ್ಲು ಪ್ರಾಕ್ಟೀಸ್ ಮಾಡಿ" ಎಂದಳು ನೇತ್ರಾ, ಅವನ ಭುಜಕ್ಕೆ ಒರಗುತ್ತಾ. "ಹಾಲು ಒಂಚೂರು ಜಾಸ್ತಿ ಆಗಿತ್ತು."